ಗುಂಡುಕಲ್ಲನ್ನು ಮಲಗಿಸಿಕೊಂಡ ತೊಟ್ಟಿಲು

ನಾನು ಒಂದು ತೊಟ್ಟಿಲು. ಕಲಘಟಗಿಯ ಮಾರುತೆಪ್ಪ ಬಡಿಗೇರ ನನ್ನನ್ನು ಸಾಗವಾನಿಯಲ್ಲಿ ಕಟ್ಟಿದ. ಅವನ ಹೆಂಡತಿ ಮೈತುಂಬ ಗಿಳಿಗಳನ್ನು ಬರೆದಳು. ಒಂದು ಗಿಳಿಗೆ ಕಣ್ಣಿಡಲು ಮರೆತಳು, ಯಾರೂ ಕೇಳಲಿಲ್ಲ.

ಹನ್ನೊಂದು ಮಕ್ಕಳು ನನ್ನಲ್ಲಿ ಮಲಗಿ ಎದ್ದವು. ಒಂದು ಮನೆಯ ಕೂಸು ನಡೆಯತೊಡಗಿದ ಕೂಡಲೇ ಇನ್ನೊಂದು ಮನೆಯವರು ಹೊತ್ತೊಯ್ಯುತ್ತಿದ್ದರು. ಹೆಸರಿಡುವ ದಿನ ಮೊದಲು ಮಲಗುತ್ತಿದ್ದುದು ಮಗುವಲ್ಲ, ಕುಂಚಿಗೆ ತೊಡಿಸಿದ ಗುಂಡುಕಲ್ಲು. ಮಗುವೂ ಹಾಗೆಯೇ ಗಟ್ಟಿಯಾಗಲಿ ಎಂದು.

ಆಮೇಲೆ ಕಬ್ಬಿಣದ ತೊಟ್ಟಿಲುಗಳು ಬಂದವು. ಹಳೇ ಸಾಮಾನಿನವನ ಕೈದಾಟಿ ನಾನು ಬೆಂಗಳೂರಿನ ಇಂದಿರಾನಗರದ ಒಂದು ಬುಟಿಕ್ ಹೋಟೆಲು ಸೇರಿದೆ. ಅಲ್ಲಿ ಗೋಡೆಗೆ ಗಾರೆ ಮಾಡದೆ ಇಟ್ಟಿಗೆ ಕಾಣುವಂತೆ ಬಿಟ್ಟಿದ್ದರು, ಅದೇ ಚೆಂದವಂತೆ. ಬಾಗಿಲ ಬಳಿ ಹಿತ್ತಾಳೆ ಸರಪಳಿಯಲ್ಲಿ ನನ್ನನ್ನು ತೂಗುಹಾಕಿದರು. ಬಂದವರೆಲ್ಲ ಒಮ್ಮೆ ತೂಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಕೋಣೆ ಗುಡಿಸುವ ಫಕ್ಕೀರವ್ವ ಹಾವೇರಿ ಕಡೆಯವಳು. ಎರಡು ಬಸಿರು ಇಳಿದುಹೋಗಿ ಇದು ಮೂರನೆಯದು, ಆರು ತಿಂಗಳು. ಹೊಟ್ಟೆ ಕಂಡರೆ ಕೆಲಸ ಹೋಗುತ್ತದೆಂದು ಏಪ್ರನ್ನನ್ನು ಸಡಿಲವಾಗಿ ಕಟ್ಟುತ್ತಿದ್ದಳು. ಒರೆಸುವಾಗ ನನಗೆ ಒರಗಿದರೆ ಒಳಗಿನ ಕೂಸು ಒದೆಯುವುದು ನನಗೆ ತಿಳಿಯುತ್ತಿತ್ತು.

"ಗೆಸ್ಟ್ ಬಿಟ್ಟ ಕೇಕೆಲ್ಲ ನಿನ್ ಹೊಟ್ಟೆಗೇ ಹೋಗೋ ಹಂಗಿದೆ" ಎಂದು ಕಾವಲಿನ ಲಕ್ಕಣ್ಣ ರೇಗಿಸುತ್ತಿದ್ದ.

"ಹೂಂ ಅಣ್ಣಾ, ನಿಮಗೂ ಒಂದ್ ತುಂಡ ಇಡ್ಲೇನ್ರಿ?" ಎನ್ನುತ್ತಿದ್ದಳು.

ಬರಿದಾದ ತೊಟ್ಟಿಲು ತೂಗಿದರೆ ಕೂಸಿಗೆ ಕೇಡೆಂದು ಅವಳ ನಂಬಿಕೆ. "ಅಕ್ಕಾರ, ಬರೇ ತೊಟ್ಲಾ ತೂಗಬ್ಯಾಡ್ರಿ" ಎಂದು ಒಬ್ಬಾಕೆಗೆ ಹೇಳಿದಳು. ಆಕೆ ನಕ್ಕು ಇನ್ನೂ ಜೋರಾಗಿ ತೂಗಿದಳು. ಮ್ಯಾನೇಜರ್ ಅನುಪಮಾ ಮೇಡಂ ಕರೆದು, "ಗೆಸ್ಟ್ ಹತ್ರ ಮಾತು ಬೇಡ. ಇನ್ನೊಂದ್ಸಲ ಆದ್ರೆ ಮನೆಗೆ ಹೋಗ್ತೀಯ" ಎಂದರು.

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯ ಹಳೆಯ ಒರಳಿನ ಗುಂಡುಕಲ್ಲನ್ನು ಬಿಳಿ ಟವೆಲಿನಲ್ಲಿ ಸುತ್ತಿ ನನ್ನಲ್ಲಿ ಮಲಗಿಸಿದಳು. ಇನ್ನು ತೊಟ್ಟಿಲು ಬರಿದಲ್ಲವಲ್ಲ. ನಾಲ್ಕು ದಿನ ಅವಳು ನಿರಾಳವಾಗಿ ಉಸಿರಾಡಿದಳು. ಐದನೆಯ ದಿನ ಹುಟ್ಟುಹಬ್ಬಕ್ಕೆ ಬಂದವನೊಬ್ಬ ನನ್ನನ್ನು ಉಯ್ಯಾಲೆಯಂತೆ ಜೀಕಿದ. ಕಲ್ಲು ಉರುಳಿಬಿದ್ದು ಅವನ ಕಾಲಿನ ಹೆಬ್ಬೆರಳು ಜಜ್ಜಿಹೋಯಿತು.

"ಯಾರಿಟ್ಟಿದ್ದು?" ಎಂದರು ಮೇಡಂ.

"ನಾನ್ರಿ. ಹೊಟ್ಯಾಗ ಕೂಸ ಐತ್ರಿ, ಕಲ್ಲಿನಂಗ ಗಟ್ಟಿ ಆಗ್ಲಿ ಅಂತ."

ಮೇಡಂ ಅವಳ ಹೊಟ್ಟೆಯನ್ನೇ ನೋಡಿದರು. "ಓ, ಇದನ್ನೂ ಮುಚ್ಚಿಟ್ಟಿದ್ಯಾ?"

ನಿಂತ ನಿಲುವಿನಲ್ಲೇ ಏಪ್ರನ್ನು ಬಿಚ್ಚಿಸಿದರು. ಲಕ್ಕಣ್ಣ ತಮಾಷೆ ಮಾಡದೆ ಗೇಟು ತೆರೆದ.

ಕಾಲು ಜಜ್ಜಿಸಿಕೊಂಡವನ ಗೆಳತಿಗೆ ಕಲ್ಲು ಮಲಗಿಸುವ ಆ ಸಂಪ್ರದಾಯ ಬಹಳ ಹಿಡಿಸಿತಂತೆ. ಮೇಡಂ ಕಾಗದದ ರದ್ದಿಯಲ್ಲಿ ಹಗುರವಾದ ಕಲ್ಲೊಂದನ್ನು ಮಾಡಿಸಿ, ಇಳಕಲ್ ರೇಷ್ಮೆ ಸುತ್ತಿ ಮಲಗಿಸಿದರು. ಪಕ್ಕದಲ್ಲಿ ಒಂದು ಚೀಟಿ: "ಮಗು ಗಟ್ಟಿಯಾಗಲೆಂದು ಹರಸಿ ತೂಗಿ." ಜನ ಸಾಲಾಗಿ ನಿಂತು ತೂಗತೊಡಗಿದರು.

ತಿಂಗಳೊಪ್ಪತ್ತಿನಲ್ಲಿ ಫಕ್ಕೀರವ್ವ ಗೇಟಿಗೆ ಬಂದಳು. ಹೊಟ್ಟೆ ಇಳಿದಿತ್ತು. ತೋಳಲ್ಲಿ ಏನೂ ಇರಲಿಲ್ಲ.

"ಆ ತೊಟ್ಲಾ ಒಮ್ಮೆ ಮುಟ್ಟಿ ಹೋಗ್ತೀನಣ್ಣಾ."

"ಮೇಡಂ ಇದಾರೆ, ಬೇಡ ಕಣವ್ವ" ಎಂದ ಲಕ್ಕಣ್ಣ, ನೆಲ ನೋಡುತ್ತ.

ಅವಳು ಗಾಜಿನಾಚೆಯಿಂದಲೇ ನೋಡಿದಳು. ಆಗಲೂ ಯಾರೋ ನಗುತ್ತ ನನ್ನನ್ನು ತೂಗುತ್ತಿದ್ದರು.

ಈಗ ನನ್ನ ಬಣ್ಣ ಹೋಗಿದೆ, ಕೀಲು ಸಡಿಲವಾಗಿದೆ. ಇಷ್ಟು ವಯಸ್ಸಾದರೂ ನಾನಾಗಿಯೇ ನಿಲ್ಲುವುದನ್ನು ಕಲಿಯಲಿಲ್ಲ. ತೂಗಿದವರು ಕೈಬಿಟ್ಟು ಹೋದ ಮೇಲೂ ತೊಟ್ಟಿಲು ಒಂದಿಷ್ಟು ಹೊತ್ತು ಆಡುತ್ತಲೇ ಇರುತ್ತದೆ.