ಹೆಬ್ಬೆರಳಿನ ಗುಳಿ

ಪೆಡಲ್ಲಿನ ನಾಲ್ಕನೇ ಸ್ಕ್ರೂ ತಿರುಗುತ್ತಿಲ್ಲ, ತಲೆ ಸವೆದು ನುಣ್ಣಗಾಗಿದೆ, ಮೂರು ಬಂದವು, ಇದೊಂದು ಹಟ ಹಿಡಿದು ಕೂತಿದೆ, ಕಿಟಕಿಯ ಬಿಸಿಲಲ್ಲಿ ಮರದ ಪುಡಿ ಹಾರಾಡುತ್ತಿದೆ, ಹನ್ನೊಂದು ದಿನದಿಂದ ಇಲ್ಲಿ ಯಾರೂ ಗುಡಿಸಿಲ್ಲ, ಗುಡಿಸುತ್ತಿದ್ದವಳು ನಾದಿನಿ, ಬೆಳಿಗ್ಗೆ ಆಸ್ಪತ್ರೆಯಿಂದ ಬಂದು ಪಕ್ಕದ ಕೋಣೆಯಲ್ಲಿ ಕೂತಿದ್ದಾಳೆ, ಬಲಗೈಗೆ ಬ್ಯಾಂಡೇಜಿನ ಬಿಳಿ ಗಂಟು, ಅದರೊಳಗೆ ಹೆಬ್ಬೆರಳಿಲ್ಲ, ತೋರುಬೆರಳೂ ಇಲ್ಲ — ಸ್ಕ್ರೂಗೆ ಒಂದು ತೊಟ್ಟು ಎಣ್ಣೆ ಬಿಡಬೇಕು, ಎಣ್ಣೆ ಡಬ್ಬಿ ಕೈಗೆಟುಕುವಲ್ಲೇ ಇದೆ, ಮರ ಕಡೆಯುವ ಈ ಲೇತಿನ ಸುತ್ತ ಎಲ್ಲವೂ ನನ್ನ ಕೈಗೆಟುಕುವಲ್ಲೇ ಇದೆ. ನನ್ನ ಯಜಮಾನರು ಇದನ್ನು ಕೂರಿಸಿದ್ದು ತಮ್ಮ ಎತ್ತರಕ್ಕೆ, ಆರಡಿ ಆಳು, ಅವರು ಹೋದ ಮೇಲೆ ನಾನು ಕಾಲಡಿಗೊಂದು ಹಲಗೆ ಹಾಕಿಕೊಂಡೆ, ಉಳಿಗಳಿಗೆ ಮೊಳಕೈ ಮಟ್ಟದಲ್ಲಿ ಒಂದು ಗೂಡು, ದಪ್ಪ ಅಳೆಯುವ ಕವೆ ಅಂಟಿಕೊಂಡಿರಲು ಮೇಲೊಂದು ಅಯಸ್ಕಾಂತ, ಸಿಪ್ಪೆ ಮಡಿಲಿಗೆ ಬೀಳದಂತೆ ಹಳೇ ಡಬ್ಬದ ತಗಡು, ನಾದಿನಿ ನಗುತ್ತಿದ್ದಳು, ಇನ್ನೊಂದು ವರ್ಷ ಬಿಟ್ರೆ ನೀನು ಹಾಸಿಗೇಲಿ ಮಲ್ಕೊಂಡೇ ಕುರ್ಚಿ ಕಾಲು ಕಡೀತೀಯ ಅತ್ತಿಗೆ, ನಗಲಿ, ಅವಳದ್ದು ನೆಟ್ಟಗಿನ ಬೆನ್ನು, ಸ್ವಿಚ್ಚು ಇದ್ದದ್ದು ಲೇತಿನ ಹಿಂದಿನ ಗೋಡೆಯಲ್ಲಿ, ಬಗ್ಗಿ ಕೈಚಾಚಿದಾಗಲೆಲ್ಲ ನನ್ನ ಸೊಂಟ ಕಿತ್ತು ಬರುವ ಹಾಗಾಗುತ್ತಿತ್ತು, ಅದಕ್ಕೇ ಈ ಪೆಡಲ್ಲು, ಒತ್ತಿದರೆ ತಿರುಗು, ಬಿಟ್ಟರೆ ನಿಲ್ಲು, ಎಷ್ಟು ಸಲೀಸು, ಗೋಡೆಯ ಸ್ವಿಚ್ಚು ದಿನವಿಡೀ ಹಾಕಿಯೇ ಇರುತ್ತಿತ್ತು, ಆರಿಸಬೇಕೆಂದರೆ ಮತ್ತೆ ಬಗ್ಗಬೇಕಲ್ಲ. ಪೆಡಲ್ಲಿಗೊಂದು ಮುಚ್ಚಳವಿತ್ತು, ಅದನ್ನೂ ನಾನೇ ಕಿತ್ತು ಹಾಕಿದೆ, ಪ್ರತಿ ಸಲ ಕಾಲಲ್ಲಿ ಎತ್ತುವ ರಗಳೆ ಯಾಕೆ ಅಂತ, ಬರಿಗಾಲಿಗೆ ಕಬ್ಬಿಣ ಕೊರೆಯುತ್ತದೆ ಅಂತ ನನ್ನ ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ಮೇಲೆ ಕೂರಿಸಿದೆ, ವರ್ಷಗಟ್ಟಲೆ ಮೆಟ್ಟಿದ್ದು, ಹೆಬ್ಬೆರಳಿನ ಜಾಗದಲ್ಲಿ ಬಟ್ಟಲಿನ ಹಾಗೆ ಗುಳಿ.

ಆ ದಿನ ಲೇತ್ ನಿಂತಿತ್ತು, ಅವಳು ಅದಕ್ಕೆ ಸಿಕ್ಕಿಸಿದ್ದ ಕುರ್ಚಿ ಕಾಲಿಗೆ ಬಟ್ಟೆಯಲ್ಲಿ ಮೇಣ ತಿಕ್ಕುತ್ತಿದ್ದಳು, ಬಟ್ಟೆ ಬೆರಳಿಗೆ ಸುತ್ಕೋಬೇಡಿ ಅಂತ ಯಜಮಾನರು ಇಬ್ಬರಿಗೂ ಹೇಳಿ ಹೇಳಿ ಸಾಕಾಗಿದ್ದರು, ನಿಂತ ಮಿಷನ್ನು ಏನು ಮಾಡುತ್ತದೆ ಅಂತ ಅವಳು ಸುತ್ತಿಕೊಂಡಿದ್ದಳು, ನಾನು ಅವಳ ಹಿಂದಿನಿಂದ ಕವೆಗೆ ಕೈ ಎತ್ತಿದೆ, ತುದಿಗಾಲಲ್ಲಿ ನಿಂತೆ, ಕಾಲು ಕೆಳಗಿಳಿಯಿತು, ಹೆಬ್ಬೆರಳು ತನ್ನ ಗುಳಿಯೊಳಗೆ ಹೋಗಿ ಕೂತಿತು, ಮನೆಗೆ ಬಂದ ಹಾಗೆ, ಅಷ್ಟು ಮೆತ್ತಗೆ, ಆಮೇಲೆ ಮೋಟರಿನ ಸದ್ದು, ಆಮೇಲೆ ಅವಳದ್ದು. ಆಸ್ಪತ್ರೆಯಲ್ಲಿ ಡಾಕ್ಟರು ಮಿಷನ್ ಆನ್ ಆಗಿದ್ದು ಹೇಗೆ ಅಂತ ಕೇಳಿದರು, ನನ್ನ ಕಾಲೇ ಇರ್ಬೇಕು ಡಾಕ್ಟ್ರೇ, ಹುಟ್ಟಿದಾಗಿಂದ ಎಡವೋ ಕಾಲು, ಅಂದಳು ನಾದಿನಿ, ನಾನು ಅವಳ ಬಟ್ಟೆ ಚೀಲ ಹಿಡಿದು ನಿಂತಿದ್ದೆ, ಚೀಲದ ಹಿಡಿ ಬಿಚ್ಚಿಕೊಂಡಿದೆ, ಹೊಲಿಯಬೇಕು ಅಂತ ನೋಡುತ್ತಿದ್ದೆ, ನಾಲಿಗೆ ಬಿದ್ದುಹೋಗಿತ್ತೇ ನನಗೆ, ಆ ದಿನ ಹೇಳಲಿಲ್ಲ, ಮಾರನೆಯ ದಿನ ಹೇಳಲಿಲ್ಲ, ಇಡ್ಲಿ ತಟ್ಟೆಯಷ್ಟಿದ್ದ ಗಂಟು ದಿನದಿನಕ್ಕೆ ಸಣ್ಣದಾಯಿತು, ನನ್ನ ಬಾಯಿ ಮಾತ್ರ ಹೊಲಿದ ಹಾಗೇ ಇತ್ತು. ಕುರ್ಚಿ ಕಾಲಿನ ಉಂಗುರಗಳನ್ನು ಕೂದಲೆಳೆಯಷ್ಟು ಸಣ್ಣಗೆ ತೆಗೆಯುತ್ತಿದ್ದವಳು ಅವಳು, ನಾನು ಬರೀ ಒರಟು ಕೆಲಸದವಳು.

ಸ್ಕ್ರೂ ಬಂತು, ಅಟ್ಟೆ ಕೈಗೆ ಬಂತು, ಬಾಗಿಲಲ್ಲಿ ಅವಳು, ಏನು ಮಾಡ್ತಿದೀಯ ಅತ್ತಿಗೆ, ಪೆಡಲ್ ತೆಗೀತಿದೀನಿ, ಬೇಡ ತೆಗೀಬೇಡ, ನಿನ್ನ ಸೊಂಟಕ್ಕೆ ಅಂತ ಮಾಡ್ಕೊಂಡಿದ್ದು, ಇನ್ಮೇಲೆ ನಾನೇ ಕಾಲು ನೋಡ್ಕೊಂಡು ಇಡ್ತೀನಿ, ಎಲ್ಲಿ ಕೊಡಿಲ್ಲಿ — ಎಡಗೈ ಚಾಚಿದ್ದಾಳೆ, ಕೊಟ್ಟೆ, ಸ್ಟೂಲಿನ ಮೇಲೆ ಕೂತು ಅಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಾಳೆ, ಉಳಿದಿರುವ ಆ ಒಂದು ಹೆಬ್ಬೆರಳು ಗುಳಿಯನ್ನು ಸವರುತ್ತಿದೆ, ಮರದ ನುಣುಪು ನೋಡುವ ಹಾಗೆ, ಸುತ್ತ, ಸುತ್ತ, ಅದು ನಿನ್ನ ಕಾಲಲ್ಲ, ನಂದು, ನನ್ನ ದನಿಯೇ, ಹೌದು, ಹೊರಗೇ ಬಂತು, ಅವಳು ತಲೆ ಎತ್ತಲಿಲ್ಲ, ಹೆಬ್ಬೆರಳು ನಿಂತಿತು, ಗುಳಿಯೊಳಗೆ ನಿಂತಿದೆ, ಬಿಸಿಲು ಅದರ ಉಗುರಿನ ಮೇಲೆ, ಗುಳಿಯೊಳಗೆ ಹೆಬ್ಬೆರಳು —