ಮಾನಮ್ಮನ ತಾಟು

ಗೌತಮ ಮುಸುರೆ ತಿಕ್ಕಲು ಶುರು ಮಾಡಿದ್ದು ಹೆಂಡತಿಯ ಮೇಲಿನ ಪ್ರೀತಿಯಿಂದ, ಮುಂದುವರಿಸಿದ್ದು ಹಟದಿಂದ. ಶಶಿಕಲಾ ಮಾನ್ವಿಯ ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ನರ್ಸು. ಕಾಯಂ ಹುದ್ದೆಯ ಪರೀಕ್ಷೆಗೆ ಇನ್ನು ಮೂರೇ ವಾರ. ಸಂಜೆ ಬಸ್ಸಿಳಿದು ರಾಯಚೂರಿನ ಬಾಡಿಗೆ ಮನೆ ಸೇರಿ, ಅಡುಗೆ, ಊಟ, ಪಾತ್ರೆ ಎಂದು ಮುಗಿಸುವಷ್ಟರಲ್ಲಿ ಪುಸ್ತಕದ ಮೇಲೆಯೇ ತೂಕಡಿಸುತ್ತಿದ್ದಳು. "ಪಾತ್ರಿ ನನಗ ಬಿಡು, ನೀ ಓದು" ಅಂದ ಗೌತಮ. ದೇವದುರ್ಗದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ಮೇಷ್ಟ್ರಿಗೆ ನಾಲ್ಕು ತಾಟು ತೊಳೆಯುವುದು ಯಾವ ಮಹಾ ವಿದ್ಯೆ?

ಮಹಾ ವಿದ್ಯೆಯೇ ಆಗಿತ್ತು. ಬೇಳೆ ಒಣಗಿ ಅಂಟಿಕೊಂಡ ಬೋಗಾಣಿಯನ್ನು ನಳದ ಕೆಳಗೆ ಹಿಡಿದು, ನಳ ಪೂರ್ತಿ ತಿರುವಿ, ಸೋಪು ಮೆತ್ತಿ ತಿಕ್ಕುತ್ತ ನಿಲ್ಲುತ್ತಿದ್ದ. ಅಂಟು ಬಿಡದಿದ್ದರೆ ಗೀಸರು ಹಾಕಿ ಬಿಸಿನೀರು ಬಿಡುತ್ತಿದ್ದ. ನೀರು ತನ್ನ ಪಾಡಿಗೆ ಮೋರಿ ಸೇರುತ್ತಿತ್ತು. ನಾಲ್ಕನೇ ದಿನ ಕೆಳಗಿನ ಮನೆಯಲ್ಲಿದ್ದ ಮಾಲಕಿ ಬಡೇಬೀ ಮೆಟ್ಟಿಲು ಹತ್ತಿ ಬಂದರು.

"ಮಾಸ್ತರ್ರೇ, ಟಾಕಿ ತುಂಬಸಾಕ ದಿನಕ್ಕ ಎರಡು ಸಲ ಮೋಟರ್ ಹಾಕಾಕತ್ತೀನಿ. ಕರೆಂಟ್ ಬಿಲ್ ನನ್ನ ಹೆಸರಿಗಿ ಬರ್ತದ, ಬೋರಿನ್ಯಾಗೂ ನೀರು ಕಮ್ಮಿ ಅದ. ನಾಳಿಯಿಂದ ಒಂದೇ ಸಲ. ಖಾಲಿಯಾದ್ರ ನನ್ನ ಕೇಳಬ್ಯಾಡ್ರಿ."

ಒಳಗಿದ್ದ ಶಶಿಕಲಾ ಪುಸ್ತಕ ಮುಚ್ಚಿದಳು. "ಇರ್ಲಿ ಬಿಡ್ರಿ, ನಾನೇ ತೊಳಿತೀನಿ."

"ಮತ್ತ ಓದೋದು?"

"ನೋಡೋಣು."

ಆ "ನೋಡೋಣು" ಗೌತಮನ ಎದೆಗೆ ನಾಟಿತು. ಹೋದ ವರ್ಷವೂ ಅವಳು ಇದೇ ಮಾತು ಆಡಿದ್ದಳು, ಪರೀಕ್ಷೆ ಬಂದದ್ದೂ ಹೋದದ್ದೂ ತಿಳಿದಿರಲಿಲ್ಲ.

ಸರಿಯಾಗಿ ಆವತ್ತೇ ಗಬ್ಬೂರಿನಿಂದ ಅವನ ತಾಯಿ ಮಾನಮ್ಮ ಬಂದಿಳಿದಳು, ಚೀಲದ ತುಂಬ ರೊಟ್ಟಿ, ಶೇಂಗಾ ಹಿಂಡಿ. ಮಗ ಉಂಡ ತಾಟನ್ನು ಮಗನಿಗೇ ಎತ್ತಗೊಡದ ತಾಯಿ ಅವಳು. ತಾನುಂಡ ತಾಟನ್ನಂತೂ, ಅದರಲ್ಲೇ ಕೈ ತೊಳೆದುಕೊಂಡು, ಯಾರೂ ಮುಟ್ಟುವ ಮೊದಲೇ ಎತ್ತಿಕೊಂಡು ಏಳುವವಳು. ಅಂಥವಳ ಮುಂದೆ ಅಂಗಿಯ ತೋಳು ಮಡಚಿ ಮುಸುರೆಗೆ ನಿಲ್ಲುವುದು ಹೇಗೆ? ಆದರೂ ಊಟವಾದ ಮೇಲೆ ಗೌತಮ ಹೆಂಡತಿಯನ್ನು ಪುಸ್ತಕದತ್ತ ದಬ್ಬಿ, ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ನಳ ತಿರುವಿದ. ಹಿಂದಿನಿಂದ ಬಂದ ಕೈ ನಳ ನಿಲ್ಲಿಸಿತು.

"ತಿಕ್ಕೂಮುಂದ ನೀರಿಗೇನು ಕೆಲಸಪಾ?" ಅಂದಳು ಮಾನಮ್ಮ.

ಬೈಗುಳ ಅಷ್ಟೇ. ಆಮೇಲೆ ಕೆಲಸ. ಒಂದು ಚರಿಗೆ ನೀರನ್ನು ಮೊದಲು ಅಂಟಿದ ಬೋಗಾಣಿಗೆ ಹೊಯ್ದು, ಅದರಿಂದಲೇ ತಾಟುಗಳನ್ನು ನೆನೆಸಿದಳು. ಚೂರು ಸೋಪನ್ನು ಬಟ್ಟಲಲ್ಲಿ ಕರಗಿಸಿದಳು. ನಳ ಮುಚ್ಚಿಯೇ ಎಲ್ಲವನ್ನೂ ತಿಕ್ಕಿಸಿದಳು. ಕೊನೆಗೆ ಎರಡು ಸ್ಟೀಲ್ ಬುಟ್ಟಿಯಲ್ಲಿ ನೀರಿಟ್ಟು, ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ ಅದ್ದಿಸಿ ಬೋರಲು ಹಾಕಿಸಿದಳು. ಎರಡನೇ ಬುಟ್ಟಿಯ ನೀರು ಮುಂಜಾನೆಯ ಮುಸುರೆ ನೆನೆಸಲು ಉಳಿಯಿತು. ಗೀಸರಿನ ಕಡೆ ಯಾರೂ ನೋಡಲಿಲ್ಲ.

"ಎಲ್ಲಿ ಕಲ್ತಿ ಬೇ ಇದನ್ನ?"

"ತವರಾಗ. ನಾವು ಬಾವಿ ಮುಟ್ಟಂಗಿರಲಿಲ್ಲ. ಯಾರರ ಬಂದು ಹೊಯ್ಯೋತನಕ ಕೊಡ ಇಟಗೊಂಡು ನಿಲ್ಲತಿದ್ವಿ. ಒಂದು ಕೊಡದಾಗ ನಮ್ಮವ್ವ ಎಂಟು ಮಂದಿ ಮುಸುರಿ ತೊಳಿತಿದ್ಲು."

ಬಾವಿಯ ಕಥೆ ಗೌತಮನಿಗೆ ಗೊತ್ತಿತ್ತು, ಸಭೆಗಳಲ್ಲಿ ತಾನೇ ಹೇಳಿದ್ದ. ಅಡುಗೆಮನೆಯ ನಳದ ಮುಂದೆ ಮಾತ್ರ ಅದು ಒಮ್ಮೆಯೂ ನೆನಪಾಗಿರಲಿಲ್ಲ. ನಾಚಿಕೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ನಕ್ಕ. "ಹಂಗಾರ ಈಗ ನಾವು ನಳ ಪೂರ್ತಿ ಬಿಟ್ಟು ಸೇಡು ತೀರಿಸ್ಕೋಬೇಕು."

"ಸೇಡು ತೀರಿಸಾಕ ಒಳಗೊಬ್ಬಾಕಿ ಓದಾಕತ್ತಾಳ" ಅಂದಳು ಮಾನಮ್ಮ. "ನೀ ನೀರು ಉಳಿಸು."

ವಾರವಿಡೀ ಮೋಟರು ದಿನಕ್ಕೊಮ್ಮೆಯೇ ಗುಂಯ್ಗುಟ್ಟಿತು. ಬಡೇಬೀ ಮತ್ತೆ ಮೆಟ್ಟಿಲು ಹತ್ತಲಿಲ್ಲ. ಶಶಿಕಲಾ ಮಾತ್ರ ಪಾತ್ರೆ ಸದ್ದಾದಾಗಲೆಲ್ಲ ಅತ್ತೆಯ ಮುಖ ನೋಡುತ್ತಿದ್ದಳು. ಮಗ ಮುಸುರೆ ತಿಕ್ಕುವುದಕ್ಕೆ ಅತ್ತೆ ತನಗೆ ಬಾಯಿ ಬಿಟ್ಟು ಏನೂ ಹೇಳದಿದ್ದುದೇ ಅವಳಿಗೆ ಅಂಜಿಕೆ. ಪುಟ ತಿರುವಿದರೂ ಓದು ತಲೆಗೆ ಹತ್ತುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಮಾನಮ್ಮ ಗಬ್ಬೂರಿಗೆ ಹೊರಡುವವಳು. ಉಂಡು, ತಾಟಿನಲ್ಲಿ ಕೈ ತೊಳೆದು, ಎಂದಿನಂತೆ ಎತ್ತಿಕೊಂಡೇ ಎದ್ದಳು. ಪುಸ್ತಕ ಬದಿಗಿಟ್ಟು ಶಶಿಕಲಾ ಧಾವಿಸಿದಳು. "ಕೊಡ್ರಿ ಅತ್ತಿ, ನಾ ತೊಳಿತೀನಿ."

"ನೀ ಕುಂದ್ರು."

ಮಾನಮ್ಮ ತೆರೆದಿದ್ದ ಪುಸ್ತಕವನ್ನು ಒಮ್ಮೆ ನೋಡಿದಳು, ಮಗನನ್ನು ಒಮ್ಮೆ ನೋಡಿದಳು. ಆಮೇಲೆ, ಜೀವಮಾನದಲ್ಲಿ ಯಾರಿಗೂ ಕೊಡದಿದ್ದ ತನ್ನ ಎಂಜಲು ತಾಟನ್ನು ಅವನತ್ತ ಚಾಚಿದಳು.

"ತಗೋ. ಆಗಲೇ ನೆನೆದದ, ಹಗುರ ಆಗ್ತದ."

ಗೌತಮ ಎರಡೂ ಕೈಯಲ್ಲಿ ಇಸಿದುಕೊಂಡ. ಬೆನ್ನ ಹಿಂದೆ ಶಶಿಕಲಾ ಪುಟ ತಿರುವಿದ ಸದ್ದು ಕೇಳಿಸಿತು.