ಬಿಳಿ ಸ್ಟಿಕ್ಕರಿನ ಬೊಟ್ಟು

ಕಂಪನಿಯ ಮೆಕ್ಯಾನಿಕ್ ಮೋಹನ್ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಹಬ್ಬಕ್ಕೆ ಮುಂಚೆ ರಾಮಕೃಷ್ಣನಗರದ ನಮ್ಮ ಮನೆಗೆ ಬಂದು, ಕೆಟ್ಟು ನಿಂತ ವಾಷಿಂಗ್ ಮಷೀನಿನ ಬೆನ್ನು ಬಿಚ್ಚಿ, "ಬೋರ್ಡ್ ಹೋಗಿದೆ ಮೇಡಂ. ವಾರಂಟಿ ಇದೆಯಲ್ಲ, ಫ್ರೀಯಾಗಿ ಹಾಕ್ಕೊಡ್ತೀವಿ" ಎಂದಿದ್ದ. ಬಿಚ್ಚಿದ್ದನ್ನು ಹಾಗೇ ಬಿಟ್ಟು ಹೋದವನು ಆಯುಧಪೂಜೆ, ವಿಜಯದಶಮಿ ಎಲ್ಲ ಕಳೆದ ಮೇಲೆ ಬಂದ. ಅಮ್ಮನ ಬಲಗೈಗೆ ಪ್ಲಾಸ್ಟರ್. ನಾನು ಒಗೆದದ್ದು ಅಜ್ಜಿಗೆ ಒಪ್ಪಿಗೆಯಿಲ್ಲ. ಹಾಗಾಗಿ ಈ ವಯಸ್ಸಿನಲ್ಲಿ ಅವಳೇ ಒಗೆಯುವ ಕಲ್ಲಿನ ಮುಂದೆ ನಿಂತಿದ್ದಳು.

ಮೋಹನ್ ಟಾರ್ಚ್ ಬಿಟ್ಟು ನೋಡಿ ಮುಖ ಸಪ್ಪಗೆ ಮಾಡಿದ.

"ವಾರಂಟಿ ಬರಲ್ಲ ಮೇಡಂ. ಬೋರ್ಡ್ ಮೇಲಿನ ಈ ದುಂಡು ಸ್ಟಿಕ್ಕರ್ ಬೆಳ್ಳಗಿರ್ಬೇಕು. ನೀರು ತಾಗಿದ್ರೆ ಕೆಂಪಾಗುತ್ತೆ. ನೋಡಿ, ಕೆಂಪಗಿದೆ. ಇದಕ್ಕೆ ಸುರಿಯೋ ದುಡ್ಡಿಗೆ ಹೊಸ ಮಷೀನೇ ವಾಸಿ."

"ಎರಡು ವರ್ಷಕ್ಕೇ ಹೊಸದಾ? ಬಟ್ಟೆ ಒಗೆಯೋ ಮಷೀನಿಗೆ ನೀರು ತಾಗಬಾರದಾ?"

"ರೂಲ್ಸ್ ನಾನು ಮಾಡಿದ್ದಲ್ಲ."

"ಅವತ್ತು ಯಾಕೆ ಹೇಳ್ಲಿಲ್ಲ?"

"ಅವತ್ತು ಬೆಳ್ಳಗೇ ಇತ್ತು. ಆಮೇಲೆ ಯಾರೋ ನೀರು ಸುರಿದಿದ್ದೀರಿ."

"ಸತ್ತ ಮೇಲೆ ನೀರು ಬಿದ್ರೆ, ಸತ್ತಿದ್ದು ನೀರಿಂದಾನಾ?"

"ಫೋಟೋ ನೋಡೋ ಆಫೀಸಿನವ್ರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ!"

ಅಜ್ಜಿಯ ಕಥೆಯ ರಾಕ್ಷಸ ತನ್ನ ಜೀವವನ್ನು ದೂರದ ಗಿಳಿಯೊಂದರಲ್ಲಿ ಬಚ್ಚಿಟ್ಟಿರುತ್ತಿದ್ದ. ನಮ್ಮ ಮಷೀನಿನ ಜೀವ ಇಷ್ಟಗಲದ ಸ್ಟಿಕ್ಕರಿನಲ್ಲಿ ಕುಳಿತಿತ್ತು. ಗಿಳಿಯ ಕತ್ತು ಹಿಚುಕಿದವನು ಇವನೇ ಇರಬೇಕು ಎಂದುಕೊಳ್ಳುತ್ತ ಬಗ್ಗಿ ನೋಡಿದೆ. ಕೆಂಪು ದುಂಡಗೆ ನಿಂತಿರಲಿಲ್ಲ, ತುಸು ಮೇಲಕ್ಕೆ ಎಳೆದಂತಿತ್ತು. ಫ್ರಿಜ್ಜಿನ ಬಾಗಿಲ ಮೇಲೆ, ಮಿಕ್ಸಿಯ ಮೇಲೆ ಹಬ್ಬದಿಂದ ಉಳಿದಿದ್ದ ಬೊಟ್ಟುಗಳಿಗೂ ಅದೇ ಬಾಲ.

"ಅಜ್ಜೀ..."

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. "ನನ್ಯಾಕಮ್ಮ ಅಂಗೆ ನೋಡೀಯೆ?"

"ಇದಕ್ಕೂ ಬೊಟ್ಟಿಟ್ಯಾ?"

"ಎಲ್ಲಾಕೂ ಇಟ್ಟು ಇದೊಂದ ಬುಟ್ಬುಡ್ಲಾ? ಬೆಳ್ಳಗೆ ದುಂಡಗೆ ಜಾಗ ಬುಟ್ಟವ್ರೆ, ಬೊಟ್ಟಿಗೇಯ ಅಂದ್ಕಂಡೆ ಕಣಮ್ಮ." ದನಿ ಇಳಿಯಿತು. "ನಾನೇ ಕೆಡಿಸ್ಬುಟ್ನಾ?"

"ಕುಂಕುಮ ನೀರಲ್ಲಿ ಕಲಸಿದ್ರಾ ಅಜ್ಜಿ?" ಎಂದ ಮೋಹನ್.

"ಕರೆಂಟಿನ ಸಾಮಾನಿಗೆ ನೀರಾ? ನಿಂಗೇನಪ್ಪಾ ತಲೆ ಕೆಟ್ಟದಾ? ಕೊಬ್ರಿ ಎಣ್ಣೇಲಿ ಕಲಸಿದ್ದೆ."

ನಾನು ಒರೆಸಲು ದುಪಟ್ಟಾ ಹಿಡಿದುಕೊಂಡು ಮುಂದಾದರೆ ಅವನು ತಡೆದ. "ನೀವು ಮುಟ್ಬೇಡಿ. ಆಮೇಲೆ ಸ್ಟಿಕ್ಕರ್ ಬದಲಾಯಿಸಿದ್ರಿ ಅಂತಾರೆ."

"ಹಾಗಾದ್ರೆ ನೀವೇ ಒರೆಸಿ. ನಾನು ವಿಡಿಯೋ ಮಾಡ್ತೀನಿ. ನನಗೂ ನಿಮ್ಮ ಮೇಲೆ ನಂಬಿಕೆ ಇಲ್ಲ."

ಒಣಬಟ್ಟೆಯಲ್ಲಿ ಅವನು ಮೆಲ್ಲಗೆ ಉಜ್ಜಿದ. ಅಜ್ಜಿ ಬಾಗಿಲಿನಿಂದ ಹತ್ತಿರ ಬಂದು ಬಗ್ಗಿದಳು. ಕೆಂಪೆಲ್ಲ ಬಟ್ಟೆಗೆ ಬಂತು. ಅಡಿಯಲ್ಲಿ ಸ್ಟಿಕ್ಕರ್ ಬೆಳ್ಳಗಿತ್ತು. ವಿಡಿಯೋ ಆಫೀಸಿಗೆ ಹೋಯಿತು. ಸುಮಾರು ಹೊತ್ತು ಕಾಯಿಸಿ ಅವರು ಒಪ್ಪಿದರು. ಮೋಹನ್ ಬ್ಯಾಗಿನಿಂದ ಹೊಸ ಬೋರ್ಡ್ ತೆಗೆದು ಕೂರಿಸಿದ. ಅದರ ಮೇಲೂ ಬೆಳ್ಳನೆಯ ದುಂಡು ಜಾಗ.

ಅಜ್ಜಿ ಸದ್ದಿಲ್ಲದೆ ದೇವರ ಮನೆಯ ಕಡೆ ಹೊರಟಳು. ಮೋಹನ್ ಒಂದು ಅಂಗೈಯನ್ನು ಸ್ಟಿಕ್ಕರಿಗೆ ಅಡ್ಡ ಹಿಡಿದು, ಇನ್ನೊಂದರಲ್ಲಿ ಮುಚ್ಚಳಕ್ಕಾಗಿ ತಡಕಾಡತೊಡಗಿದ.